ಅಂಕಪಟ್ಟಿಯ ಒಂದು ಸಾಲಿನಿಂದ ಶುರು ಮಾಡಿ: ಕೊಡಗು ವಿಶ್ವವಿದ್ಯಾಲಯಕ್ಕೆ ಬಹಿರಂಗ ಪತ್ರ

ಕೊಡಗು ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ವಿದ್ಯಾವಿಷಯಕ ಪರಿಷತ್ತು ಮತ್ತು ಸಿಂಡಿಕೇಟ್ ಸದಸ್ಯರಿಗೆ, ಉನ್ನತ ಶಿಕ್ಷಣ ಇಲಾಖೆಯವರಿಗೆ,

ನಮಸ್ಕಾರ.

ಜಿಲ್ಲೆಗೊಂದು ವಿಶ್ವವಿದ್ಯಾಲಯ ಬಂದಮೇಲೆ ಕಾಫಿ ಬಗ್ಗೆ ಒಂದು ಕೋರ್ಸ್ ಬೇಕು, ಕೊಡವ ಭಾಷೆಗೆ ಜಾಗ ಬೇಕು, ಭೂಕುಸಿತದ ಬಗ್ಗೆ ಯಾರಾದರೂ ಪಾಠ ಮಾಡಬೇಕು, ಹೋಂಸ್ಟೇ ನಡೆಸುವವರ ಮಕ್ಕಳಿಗೆ ಪ್ರವಾಸೋದ್ಯಮ ಕಲಿಸಬೇಕು ಎಂದು ಜನ ಕೇಳುವುದು ಸಹಜ. ಇವುಗಳನ್ನೆಲ್ಲ ಪೂರ್ತಿ ಪದವಿಗಳನ್ನಾಗಿ ತೆರೆಯಲು ದುಡ್ಡೂ ಇಲ್ಲ, ಹುದ್ದೆಗಳೂ ಇಲ್ಲ. ಹಾಗಾಗಿ ಚರ್ಚೆ ಮೈನರ್ ಮತ್ತು ಸ್ಪೆಷಲೈಸೇಷನ್‌ಗಳ ಕಡೆಗೇ ಬಂದು ನಿಲ್ಲುತ್ತದೆ. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಹಾಗೇ ಇರಲಿ, ಜೊತೆಗೆ ನಾಲ್ಕೋ ಆರೋ ಪೇಪರ್ ಸೇರಿಸಿ ಒಂದು ಹೆಸರು ಕೊಡೋಣ ಎನ್ನುವುದು ಸುಲಭದ ದಾರಿಯಂತೆ ಕಾಣುತ್ತದೆ.

ದಾರಿ ಸರಿಯಾಗಿದೆ, ಕ್ರಮ ತಪ್ಪಿದೆ. ಮೊದಲು ಹೆಸರು ಇಡುತ್ತಾರೆ. ಆಮೇಲೆ ಕರಪತ್ರ, ದಾಖಲಾತಿ, ಸಿಲೆಬಸ್. ಅತಿಥಿ ಉಪನ್ಯಾಸಕರ ಹುಡುಕಾಟ ಶುರುವಾಗುವುದು ತರಗತಿ ಆರಂಭವಾದ ಮೂರನೇ ವಾರಕ್ಕೆ. ಅಂಕಪಟ್ಟಿಯಲ್ಲಿ ಏನು ಅಚ್ಚಾಗಬೇಕು ಎಂಬ ಪ್ರಶ್ನೆ ಪರೀಕ್ಷಾಂಗ ವಿಭಾಗದವರ ಮುಂದೆ ಬರುವುದು ಆರನೇ ಸೆಮಿಸ್ಟರ್ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಯಾವ ಪೇಪರ್ ಮೈನರ್‌ಗೆ ಸೇರಿದ್ದು, ಯಾವುದು ಮುಕ್ತ ಐಚ್ಛಿಕ (ಓಪನ್ ಎಲೆಕ್ಟಿವ್) ಎಂದು ಯಾರಿಗೂ ಖಚಿತವಿರುವುದಿಲ್ಲ. ನಮ್ಮ ಕೋರಿಕೆ ಇಷ್ಟೇ: ಅಂಕಪಟ್ಟಿಯ ಆ ಒಂದು ಸಾಲನ್ನು ಮೊದಲು ಬರೆಯಿರಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಆ ಸಾಲು ‘ಮೈನರ್: ಕಾಫಿ ಅಧ್ಯಯನ, 24 ಕ್ರೆಡಿಟ್’ ಎಂದಿರಲಿ. ಕ್ರೆಡಿಟ್ ಎಂದರೆ ಪಾಠದ ಗಂಟೆಗಳನ್ನು ಅಳೆಯುವ ಮಾನ. ಇದನ್ನು ಓದುವವರು ಯಾರು? ಸ್ನಾತಕೋತ್ತರ ಪ್ರವೇಶ ಸಮಿತಿ, ಬಿ.ಇಡಿ. ದಾಖಲಾತಿಯ ಗುಮಾಸ್ತ, ನೇಮಕಾತಿಯ ದಾಖಲೆ ಪರಿಶೀಲನೆಗೆ ಕೂತ ಅಧಿಕಾರಿ, ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನ ಮ್ಯಾನೇಜರ್. ಇವರಲ್ಲಿ ಯಾರೂ ನಿಮ್ಮ ಸಿಲೆಬಸ್ ತೆರೆದು ನೋಡುವುದಿಲ್ಲ. ಪದವಿಯಲ್ಲಿ ಐಚ್ಛಿಕ ವಿಷಯವಾಗಿ ಏನು ಓದಿದ್ದಾರೆ, ಎಷ್ಟು ಸೆಮಿಸ್ಟರ್ ಓದಿದ್ದಾರೆ ಎಂದಷ್ಟೇ ನೋಡುತ್ತಾರೆ. ಪದವಿಯ ಹೆಸರನ್ನು ನಾವು ಬೇಕಾದ ಹಾಗೆ ತಿದ್ದುವಂತಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನಡಿ ಅಧಿಸೂಚನೆಯಾದ ಪದವಿಗಳನ್ನೇ ಕೊಡಬೇಕು. ಬಿ.ಎಸ್‌ಸಿ. ಬಿ.ಎಸ್‌ಸಿ.ಯಾಗಿಯೇ ಉಳಿಯುತ್ತದೆ, ಮೈನರ್‌ಗೆ ಇರುವ ಏಕೈಕ ಸಾಕ್ಷಿ ಅಂಕಪಟ್ಟಿಯ ಆ ಸಾಲು. ಅದು ತಪ್ಪಾದರೆ ಮೈನರ್‌ನ ಓದಿಗೆ ಬೇರೆ ದಾಖಲೆಯೇ ಇಲ್ಲ.

ಮೈನರ್‌ಗೂ ಸ್ಪೆಷಲೈಸೇಷನ್‌ಗೂ ಇರುವ ವ್ಯತ್ಯಾಸವನ್ನು ವಿನಿಯಮದಲ್ಲಿ ಎರಡು ವಾಕ್ಯದಲ್ಲಿ ಬರೆದಿಡಬೇಕು. ವಿದ್ಯಾರ್ಥಿಯ ಮುಖ್ಯ ವಿಷಯದ ಒಳಗೇ ಒಂದು ದಿಕ್ಕು ಹಿಡಿದು ಓದುವುದು ಸ್ಪೆಷಲೈಸೇಷನ್. ಅದರ ಎಲ್ಲ ಪೇಪರ್‌ಗಳೂ ಒಂದೇ ಅಧ್ಯಯನ ಮಂಡಳಿಗೆ (ಆ ವಿಷಯದ ಸಿಲೆಬಸ್ ರೂಪಿಸುವ ಸಮಿತಿಗೆ) ಸೇರಿದವು, ಆ ಕ್ರೆಡಿಟ್‌ಗಳು ಮುಖ್ಯ ವಿಷಯದ ಲೆಕ್ಕಕ್ಕೇ ಹೋಗುತ್ತವೆ. ಮುಖ್ಯ ವಿಷಯದ ಹೊರಗಿನದು ಮೈನರ್. ಅದರ ಕ್ರೆಡಿಟ್‌ಗಳು ಪ್ರತ್ಯೇಕ. ಇಷ್ಟನ್ನು ಬರೆಯದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಾಡಿನ ಹಲವು ಕಾಲೇಜುಗಳ ಪ್ರಾಸ್ಪೆಕ್ಟಸ್ ನೋಡಿದರೆ ಸಾಕು. ಬಿ.ಬಿ.ಎ.ಯಲ್ಲಿ ಮೊದಲೇ ಇದ್ದ ನಾಲ್ಕು ಪೇಪರ್ ಸೇರಿಸಿ ‘ಪ್ರವಾಸೋದ್ಯಮ ಮೈನರ್’ ಎಂದು ಕರೆದಿರುತ್ತಾರೆ. ಅಳಿಯ ಅಲ್ಲ, ಮಗಳ ಗಂಡ. ವಿದ್ಯಾರ್ಥಿ ಹೊಸದಾಗಿ ಒಂದು ಗಂಟೆಯೂ ಓದಿರುವುದಿಲ್ಲ.

ಇನ್ನು ಸಂಖ್ಯೆಗಳು. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಪದವಿ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್. ಅದರಲ್ಲಿ ಮೇಜರ್‌ಗೆ (ಮುಖ್ಯ ವಿಷಯಕ್ಕೆ) 60, ಮೈನರ್‌ಗೆ 24. ನಾಲ್ಕು ವರ್ಷಕ್ಕಾದರೆ 160, 80, 32. ಅದೇ ದಾಖಲೆಯ ವಿವರಣೆಯಲ್ಲಿ ಮಾತ್ರ ಅರ್ಥಶಾಸ್ತ್ರದ ವಿದ್ಯಾರ್ಥಿ ಸಂಖ್ಯಾಶಾಸ್ತ್ರದಲ್ಲಿ ಕನಿಷ್ಠ 12 ಕ್ರೆಡಿಟ್ ಗಳಿಸಿದರೆ ಮೈನರ್ ಸಿಗುತ್ತದೆ ಎಂಬ ಉದಾಹರಣೆಯಿದೆ. 24ರಲ್ಲಿ ಅರ್ಧ ಒಂದೇ ವಿಷಯದ್ದಾಗಿರಬೇಕು, ಉಳಿದರ್ಧ ಬೇರೆಡೆಯಿಂದ ಬರಬಹುದು ಎಂಬ ನಿಯಮದ ಜೊತೆ ಓದಿದಾಗ ಈ ಎರಡು ಅಂಕಿಗಳು ಹೊಂದಿಕೊಳ್ಳುತ್ತವೆ. ಬಿಡಿಬಿಡಿಯಾಗಿ ಓದಿದವರು ಒಬ್ಬರು 12 ಎಂದು ನೋಟಿಸ್ ಹಾಕುತ್ತಾರೆ, ಇನ್ನೊಬ್ಬರು 24 ಎನ್ನುತ್ತಾರೆ. ವಿಶ್ವವಿದ್ಯಾಲಯದ ವಿನಿಯಮದಲ್ಲಿ ಒಂದೇ ಅಂಕಿ ಇರಬೇಕು.

ಇದಕ್ಕಿಂತ ದೊಡ್ಡ ತೊಡಕು ನಮ್ಮ ರಾಜ್ಯದ್ದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಮಾದರಿಗೆ ಹೋದೆವು, 2024-25ರಿಂದ ಮೂರು ವರ್ಷದ ಪದವಿಗೆ, ಮೂರು ಮುಖ್ಯ ವಿಷಯಗಳ ಹಳೆಯ ಕಾಂಬಿನೇಷನ್ ಪದ್ಧತಿಗೆ ಮರಳಿದೆವು. ಮೂರು ವಿಷಯ, ಎರಡು ಭಾಷೆ, ಜೊತೆಗೆ ಕಡ್ಡಾಯ ಪೇಪರ್‌ಗಳು ತುಂಬಿರುವ ವೇಳಾಪಟ್ಟಿಯಲ್ಲಿ ಇನ್ನು 24 ಕ್ರೆಡಿಟ್ ತುರುಕಲು ಜಾಗವಿಲ್ಲ. ಹಾಗೆಂದು ಕೈಬಿಡಬೇಕಿಲ್ಲ. ಎರಡು ಮಾರ್ಗಗಳಿವೆ. ಒಂದು, ಕೊನೆಯ ವರ್ಷದಲ್ಲಿ ಮುಖ್ಯ ವಿಷಯದೊಳಗೆ 12 ಕ್ರೆಡಿಟ್‌ನ ಸ್ಪೆಷಲೈಸೇಷನ್. ಇನ್ನೊಂದು, ಪದವಿಯ ಕ್ರೆಡಿಟ್‌ಗಳ ಮೇಲೆ ಹೆಚ್ಚುವರಿಯಾಗಿ ಗಳಿಸುವ ಮೈನರ್. ಎಂಜಿನಿಯರಿಂಗ್‌ನಲ್ಲಿ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ 18ರಿಂದ 20 ಹೆಚ್ಚುವರಿ ಕ್ರೆಡಿಟ್‌ಗೆ ಮೈನರ್ ಕೊಡುವುದು ಈ ರೀತಿಯಲ್ಲೇ.

ಪದವಿಯ ಒಳಗಿನ ಮೈನರ್ ಮತ್ತು ಹೆಚ್ಚುವರಿ ಮೈನರ್ ನಡುವಿನ ವ್ಯತ್ಯಾಸ ಫೇಲಾದವರಿಗೆ ಮಾತ್ರ ಗೊತ್ತಾಗುತ್ತದೆ. ಮೈನರ್ ಹೆಚ್ಚುವರಿಯಾಗಿದ್ದರೆ ಅದರ ಒಂದು ಪೇಪರ್ ಉಳಿದುಕೊಂಡರೂ ಪದವಿ ಸಿಗುತ್ತದೆ, ಆ ಸಾಲೊಂದು ಸಿಗುವುದಿಲ್ಲ. 120ರ ಒಳಗೇ ಇದ್ದರೆ ನಾಲ್ಕು ಕ್ರೆಡಿಟ್‌ನ ಒಂದು ಪೇಪರ್ ಬಾಕಿಯಾದ ಕೂಡಲೇ ಒಟ್ಟು 116ಕ್ಕೆ ನಿಲ್ಲುತ್ತದೆ, ಪದವಿಯೇ ತಡೆಯಾಗುತ್ತದೆ. ಅಷ್ಟರಲ್ಲಿ ಆ ಪೇಪರ್ ಮಾಡುತ್ತಿದ್ದ ಅತಿಥಿ ಉಪನ್ಯಾಸಕರು ಬೇರೆಡೆಗೆ ಹೋಗಿರುತ್ತಾರೆ, ಮುಂದಿನ ಬ್ಯಾಚ್‌ನಲ್ಲಿ ಆ ಮೈನರ್‌ಗೆ ಯಾರೂ ಸೇರಿರುವುದಿಲ್ಲ, ಪ್ರಶ್ನೆಪತ್ರಿಕೆ ತೆಗೆಯುವವರಿರುವುದಿಲ್ಲ. ಆದ್ದರಿಂದ ಒಂದು ಉಪನಿಯಮ ಬೇಕೇ ಬೇಕು: ಮೈನರ್ ಪೂರ್ಣವಾಗದಿದ್ದರೆ ಪಾಸಾದ ಪೇಪರ್‌ಗಳು ತಾವಾಗಿಯೇ ಮುಕ್ತ ಐಚ್ಛಿಕಗಳಾಗಿ ಎಣಿಕೆಯಾಗಬೇಕು, ಬಾಕಿ ಕ್ರೆಡಿಟ್‌ಗೆ ಬೇರಾವುದೇ ಪೇಪರ್ ಬರೆದು ಪದವಿ ಪಡೆಯಲು ಅವಕಾಶವಿರಬೇಕು.

ಒಂದೇ ಪೇಪರನ್ನು ಎರಡು ಕಡೆ ಎಣಿಸುವುದು ಮತ್ತೊಂದು ಗೋಜಲು. ಸಸ್ಯಶಾಸ್ತ್ರ ಓದುವವರಿಗೆ ತೋಟದ ಬೆಳೆಗಳ ಪೇಪರ್ ಮುಖ್ಯ ವಿಷಯದಲ್ಲೇ ಇರಬಹುದು; ಅದೇ ಪೇಪರ್ ಕಾಫಿ ಮೈನರ್‌ನಲ್ಲೂ ಇದ್ದರೆ? ಎರಡಕ್ಕೂ ಎಣಿಸಿದರೆ ಅವರು ಉಳಿದವರಿಗಿಂತ ಒಂದು ಪೇಪರ್ ಕಡಿಮೆ ಓದಿ ಅದೇ ಸಾಲನ್ನು ಪಡೆಯುತ್ತಾರೆ. ಎಣಿಸದಿದ್ದರೆ ಓದಿದ್ದನ್ನೇ ಮತ್ತೆ ಓದಬೇಕಾಗುತ್ತದೆ. ಅಂಥವರಿಗೆ ಬದಲಿ ಪೇಪರ್ ಯಾವುದು ಎಂದು ಸಿಲೆಬಸ್‌ನಲ್ಲೇ ಹೆಸರಿಸಿ. ‘ವಿಭಾಗದ ಮುಖ್ಯಸ್ಥರು ನಿರ್ಧರಿಸತಕ್ಕದ್ದು’ ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಕಾಫಿಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಆರು ಪೇಪರ್, ತಲಾ ನಾಲ್ಕು ಕ್ರೆಡಿಟ್. ಪ್ರತಿಯೊಂದರಲ್ಲಿ ಮೂರು ಕ್ರೆಡಿಟ್ ಪಾಠ, ಒಂದು ಕ್ರೆಡಿಟ್ ಪ್ರಾಯೋಗಿಕ. ಪಾಠದ ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರ್‌ಗೆ 15 ಗಂಟೆ, ಪ್ರಾಯೋಗಿಕ ಅಥವಾ ಕ್ಷೇತ್ರಕಾರ್ಯದ್ದಾದರೆ 30 ಗಂಟೆ. ಹದಿನೈದು ವಾರಕ್ಕೆ ಹಂಚಿದರೆ ಒಂದು ಪೇಪರ್‌ಗೆ ವಾರಕ್ಕೆ ಐದು ಗಂಟೆ. ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್, ನಾಲ್ಕರಲ್ಲಿ ಎರಡು, ಐದರಲ್ಲಿ ಒಂದು, ಆರರಲ್ಲಿ ಎರಡು ಎಂದು ಇಟ್ಟುಕೊಳ್ಳಿ. ಮೊದಲ ವರ್ಷ ಮೂರನೇ ಸೆಮಿಸ್ಟರ್‌ಗೆ ವಾರಕ್ಕೆ ಐದು ಗಂಟೆ, ನಾಲ್ಕನೆಯದಕ್ಕೆ ಹತ್ತು. ಒಬ್ಬ ಉಪನ್ಯಾಸಕರು ಆರಾಮಾಗಿ ನಿಭಾಯಿಸುತ್ತಾರೆ, ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಾರೆ. ಎರಡನೇ ವರ್ಷ ಹೊಸ ಬ್ಯಾಚ್‌ನ ನಾಲ್ಕನೇ ಸೆಮಿಸ್ಟರ್ ಮತ್ತು ಹಳೆ ಬ್ಯಾಚ್‌ನ ಆರನೇ ಸೆಮಿಸ್ಟರ್ ಒಟ್ಟಿಗೇ ನಡೆಯಬೇಕು: ವಾರಕ್ಕೆ ಇಪ್ಪತ್ತು ಗಂಟೆ. ಸಹಾಯಕ ಪ್ರಾಧ್ಯಾಪಕರೊಬ್ಬರ ಕಾರ್ಯಭಾರ ವಾರಕ್ಕೆ 16 ಗಂಟೆ. ಮೊದಲ ವರ್ಷ ಚೆನ್ನಾಗಿ ನಡೆದ ಮೈನರ್ ಎರಡನೇ ವರ್ಷದ ಸಮ ಸೆಮಿಸ್ಟರ್‌ನಲ್ಲಿ ಕುಸಿಯುವುದಕ್ಕೆ ಕಾರಣ ಈ ಸರಳ ಕೂಡುವಿಕೆ. ಅನುಮೋದನೆಯ ಹೊತ್ತಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಏಕೆಂದರೆ ಪ್ರಸ್ತಾವನೆಯಲ್ಲಿ ಮೊದಲ ವರ್ಷದ ಕಾರ್ಯಭಾರವನ್ನಷ್ಟೇ ತೋರಿಸಿರುತ್ತಾರೆ.

ಇದರ ಮೇಲೆ ಕೊಡಗಿನ ಕಾಲಮಾನ ಬೇರೆ. ಬೆಸ ಸೆಮಿಸ್ಟರ್ ಶುರುವಾಗುವುದು ಮುಂಗಾರಿನಲ್ಲಿ. ಜುಲೈ, ಆಗಸ್ಟ್‌ನಲ್ಲಿ ತೋಟಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಮಾತು ಹಾಗಿರಲಿ, ಕಾಲೇಜಿಗೇ ಎಷ್ಟು ದಿನ ರಜೆ ಕೊಡಬೇಕಾಗುತ್ತದೋ ಗೊತ್ತಿಲ್ಲ. ಅರೇಬಿಕಾ ಕೊಯ್ಲು ಏರುವ ಹೊತ್ತಿಗೆ ಬೆಸ ಸೆಮಿಸ್ಟರ್ ಪರೀಕ್ಷೆ ಬಂದಿರುತ್ತದೆ. ರೋಬಸ್ಟಾ ಕೊಯ್ಲು, ಕಣದಲ್ಲಿ ಒಣಗಿಸುವಿಕೆ, ಹೂಮಳೆ ಎಲ್ಲವೂ ಜನವರಿಯಿಂದ ಏಪ್ರಿಲ್‌ವರೆಗೆ, ಅಂದರೆ ಸಮ ಸೆಮಿಸ್ಟರ್‌ನಲ್ಲಿ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು), ಹುದುಗು ಬರಿಸುವುದು, ತೇವಾಂಶವನ್ನು ಶೇಕಡಾ 10-11ಕ್ಕೆ ಇಳಿಸುವುದು ಇತ್ಯಾದಿ ಇರುವ ಸಂಸ್ಕರಣೆಯ ಪೇಪರನ್ನು ಐದನೇ ಸೆಮಿಸ್ಟರ್‌ಗೆ ಹಾಕಿದರೆ ಮಕ್ಕಳು ಖಾಲಿ ಕಣ ನೋಡಿಕೊಂಡು ಬರಬೇಕಾಗುತ್ತದೆ. ಅದು ನಾಲ್ಕನೆಯದಕ್ಕೋ ಆರನೆಯದಕ್ಕೋ ಬರಲೇಬೇಕು. ಮಾರುಕಟ್ಟೆಯ ಪೇಪರ್‌ಗೆ ಈ ತೊಂದರೆಯಿಲ್ಲ. ಲಂಡನ್‌ನ ರೋಬಸ್ಟಾ ದರ, ನ್ಯೂಯಾರ್ಕ್‌ನ ಅರೇಬಿಕಾ ದರ, ಬೆಳೆಗಾರರು ಕಾಫಿಯನ್ನು ಮಂಡಳಿಗೇ ಕೊಡಬೇಕಿದ್ದ ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ಕೊನೆಗೊಂಡ ಕಥೆ ಇವನ್ನೆಲ್ಲ ಮಳೆಗಾಲದಲ್ಲಿ ಕೂತು ಓದಬಹುದು. ಹೊರಗಿನ ವಿಶ್ವವಿದ್ಯಾಲಯದ ಮಾದರಿ ಸಿಲೆಬಸ್ ನಕಲು ಮಾಡಿದರೆ ಈ ಹೊಂದಾಣಿಕೆ ಸಿಗುವುದಿಲ್ಲ.

ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಗಂಟೆ ಪ್ರಾಯೋಗಿಕ ಎಂದು ಬರೆದರೆ ಆ ಎರಡು ಗಂಟೆ ಜೀಪಿನಲ್ಲೇ ಮುಗಿಯುತ್ತದೆ. ಮೂವತ್ತು ಗಂಟೆಯನ್ನು ಆರಾರು ಗಂಟೆಯ ಐದು ಶನಿವಾರಗಳಾಗಿ ಕೂಡಿಸಿ, ಹಾಜರಾತಿಯನ್ನು ದಿನದ ಲೆಕ್ಕದಲ್ಲಿ ತೆಗೆದುಕೊಳ್ಳುವಂತೆ ನಿಯಮ ಮಾಡಿ.

ಕಲಿಸುವವರು ಜಿಲ್ಲೆಯಲ್ಲೇ ಇದ್ದಾರೆ, ಆದರೆ ನಿಮ್ಮ ಅಧೀನದಲ್ಲಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ, ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಪ್ರಾದೇಶಿಕ ಕೇಂದ್ರವಿದೆ. ಪೊನ್ನಂಪೇಟೆಯ ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇವರೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ ಫೋಟೊ ತೆಗೆಸಿಕೊಂಡರೆ ಸಾಲದು. ಅಲ್ಲಿನ ವಿಜ್ಞಾನಿಗೆ ಪಾಠ ಮಾಡಲು ಅವಕಾಶ ಕೊಟ್ಟು, ಪ್ರಶ್ನೆಪತ್ರಿಕೆ ತೆಗೆಯಲು ಮತ್ತು ಮೌಲ್ಯಮಾಪನ ಮಾಡಲು ಮಾನ್ಯತೆ ಕೊಡದಿದ್ದರೆ, ಕಾಫಿ ಗಿಡವನ್ನು ಹತ್ತಿರದಿಂದ ನೋಡದ ಯಾರೋ ಉತ್ತರಪತ್ರಿಕೆ ತಿದ್ದುತ್ತಾರೆ. ಪರೀಕ್ಷಾ ಮಂಡಳಿಯ ಪಟ್ಟಿಗೆ ಅವರ ಹೆಸರು ಸೇರಿಸುವ ಷರತ್ತು ಒಪ್ಪಂದದಲ್ಲೇ ಇರಬೇಕು. ತೋಟ ನಡೆಸಿದವರನ್ನು, ಕಪ್ ಟೇಸ್ಟಿಂಗ್ ಬಲ್ಲವರನ್ನು ತರಲು ಯುಜಿಸಿಯ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಇದೆ. ಕನಿಷ್ಠ 15 ವರ್ಷದ ಅನುಭವ ಸಾಕು, ಪಿಎಚ್‌.ಡಿ. ಬೇಡ; ಮಂಜೂರಾದ ಹುದ್ದೆಗಳ ಶೇಕಡಾ 10ರಷ್ಟನ್ನು ಮೀರುವಂತಿಲ್ಲ. ಸಮ ಸೆಮಿಸ್ಟರ್‌ನ ಆ ಹೆಚ್ಚುವರಿ ಗಂಟೆಗಳಿಗೆ ಇವರೇ ಸರಿ.

ಕೊಡವ ಮತ್ತು ಅರೆಭಾಷೆಯ ಪ್ರಶ್ನೆ ಬೇರೆ ತರಹದ್ದು. ವಿಷಯಕ್ಕೆ ಬಡತನವಿಲ್ಲ, ಎರಡೂ ಭಾಷೆಗೆ ಮಡಿಕೇರಿಯಲ್ಲೇ ಅಕಾಡೆಮಿಗಳಿವೆ. ತೊಡಕಿರುವುದು ಅರ್ಹತೆಯಲ್ಲಿ. ಉಪನ್ಯಾಸಕರಾಗಲು ಬರೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯ ವಿಷಯಪಟ್ಟಿಯಲ್ಲಿ ಈ ಭಾಷೆಗಳಿಲ್ಲ, ಹಾಗಾಗಿ ಉಪನ್ಯಾಸಕರ ಅರ್ಹತೆಯನ್ನು ಕನ್ನಡ ಅಥವಾ ಭಾಷಾವಿಜ್ಞಾನದ ಮೂಲಕ ತೋರಿಸಬೇಕು. ಅದನ್ನು ವಿನಿಯಮದಲ್ಲಿ ಸ್ಪಷ್ಟವಾಗಿ ಬರೆಯದಿದ್ದರೆ ನೇಮಕಾತಿಯ ಹೊತ್ತಿಗೆ ಆಡಿಟ್ ಆಕ್ಷೇಪಣೆ ಖಂಡಿತ. ಮತ್ತೆ, ಮನೆಯಲ್ಲಿ ಭಾಷೆ ಆಡುವವರೂ ಆಡದವರೂ ಒಂದೇ ತರಗತಿಗೆ ಬರುತ್ತಾರೆ. ಯುಜಿಸಿ ಚೌಕಟ್ಟಿನಲ್ಲಿ 100ರ ಹಂತದ ಪೇಪರ್ ಬುನಾದಿಯದು, 200ರದ್ದು ಮಧ್ಯಮ, 300ರದ್ದು ಉನ್ನತ. ಭಾಷೆ ಬಲ್ಲವರಿಗೆ 100ರ ಪೇಪರ್ ಬಿಟ್ಟು ನೇರ 200ಕ್ಕೆ ಬರುವ ದಾರಿ ಇಡದಿದ್ದರೆ, ಅಜ್ಜಿಯ ಜೊತೆ ದಿನವೂ ಕೊಡವ ಮಾತಾಡುವ ಹುಡುಗಿ ಸೆಮಿಸ್ಟರ್ ಪೂರ್ತಿ ‘ನಿನ್ನ ಹೆಸರೇನು’ ಎಂಬುದನ್ನೇ ಕಲಿಯುತ್ತಾಳೆ.

ಭೂಕುಸಿತಕ್ಕೆ ಮೈನರ್ ಬೇಡ ಎನ್ನುವುದು ನಮ್ಮ ಅಭಿಪ್ರಾಯ. 2018ರ ಆಗಸ್ಟ್ ನಂತರ, 2020ರ ತಲಕಾವೇರಿಯ ಗುಡ್ಡ ಕುಸಿತದ ನಂತರ ಈ ಬೇಡಿಕೆ ಎಷ್ಟು ನ್ಯಾಯದ್ದು ಎಂದು ಯಾರೂ ಹೇಳಬೇಕಿಲ್ಲ. ಆದರೆ ಇಳಿಜಾರು, ಮಣ್ಣು, ಮಳೆಯ ದತ್ತಾಂಶ, ನಕ್ಷೆ ಎಲ್ಲವೂ ಭೂಗೋಳಶಾಸ್ತ್ರದ ಒಳಗೇ ಇವೆ. ಮೂರು ಪೇಪರ್, 12 ಕ್ರೆಡಿಟ್, ಒಂದೇ ಅಧ್ಯಯನ ಮಂಡಳಿ, ಉಚಿತವಾಗಿ ಸಿಗುವ ನಕ್ಷೆ ತಂತ್ರಾಂಶ. ಸ್ಪೆಷಲೈಸೇಷನ್ ಆಗಿ ಮಾಡಿದರೆ ಒಂದು ವರ್ಷದಲ್ಲಿ ಶುರುವಾಗುತ್ತದೆ.

ಹಲವು ವಿಭಾಗಗಳ ಮೈನರ್‌ಗೆ ಮಾತ್ರ ಹೊಣೆ ಹೊರುವ ಮಂಡಳಿಯೇ ಇರುವುದಿಲ್ಲ. ಸಸ್ಯಶಾಸ್ತ್ರ, ವಾಣಿಜ್ಯ, ಅರ್ಥಶಾಸ್ತ್ರದ ಮಂಡಳಿಗಳು ತಮ್ಮ ತಮ್ಮ ಪೇಪರ್ ಒಪ್ಪಿ ಕಳಿಸುತ್ತವೆ. ಆರೂ ಪೇಪರ್ ಕೂಡಿ ಏನಾಗುತ್ತದೆ ಎಂದು ನೋಡುವವರಿಲ್ಲ. ಒಂದನ್ನು ಮುಖ್ಯ ಮಂಡಳಿ ಎಂದು ಹೆಸರಿಸಿ, ಉಳಿದವುಗಳಿಂದ ಒಬ್ಬೊಬ್ಬರನ್ನು ಸೇರಿಸಿ ಜಂಟಿ ಸಮಿತಿ ಮಾಡಿ. ಆ ಸಮಿತಿಯ ಸಹಿಯಿಲ್ಲದೆ ಯಾವ ಮಂಡಳಿಯೂ ತನ್ನ ಪೇಪರನ್ನು ತೆಗೆಯುವಂತೆಯೂ ಇಲ್ಲ, ಬದಲಿಸುವಂತೆಯೂ ಇಲ್ಲ ಎಂದು ನಿಯಮ ಬರಲಿ.

ಅನುಮೋದನೆಯ ಮೆಟ್ಟಿಲುಗಳು ಹೊಸದಲ್ಲ: ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್, ನಂತರ ಕಾಲೇಜಿನ ಸಂಯೋಜನೆಗೆ ಸ್ಥಳೀಯ ವಿಚಾರಣಾ ಸಮಿತಿಯ ಭೇಟಿ, ಕೊನೆಗೆ ರಾಜ್ಯದ ವಿಶ್ವವಿದ್ಯಾಲಯಗಳ ದಾಖಲಾತಿ, ಪರೀಕ್ಷೆಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪೇಪರ್ ಕೋಡ್ ಜೋಡಣೆ. ಜೂನ್ ಹೊತ್ತಿಗೆ ದಾಖಲಾತಿ ಎಂದರೆ ಪ್ರಸ್ತಾವನೆ ಹಿಂದಿನ ಸೆಪ್ಟೆಂಬರ್‌ನಲ್ಲೇ ಹೊರಡಬೇಕು. ತಡವಾದದ್ದು ‘ಅಧ್ಯಕ್ಷರ ಅನುಮತಿಯೊಂದಿಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿನಲ್ಲಿ ಮೇಜಿನ ಮೇಲೆ ಬರುತ್ತದೆ, ಊಟದ ಹೊತ್ತಿಗೆ ಪಾಸಾಗುತ್ತದೆ. ಇನ್ನೂ ತಡವಾದರೆ ಘಟನೋತ್ತರ ಅನುಮೋದನೆ, ಅಂದರೆ ಶುರುವಾದ ಮೇಲೆ ಕೊಡುವ ಒಪ್ಪಿಗೆ. ಮೈನರ್ ಮತ್ತು ಸ್ಪೆಷಲೈಸೇಷನ್ ಪ್ರಸ್ತಾವನೆಗಳನ್ನು ಈ ಎರಡು ಬಾಗಿಲಿನಿಂದ ಒಳಗೆ ಬಿಡಬೇಡಿ. ಯುಯುಸಿಎಂಎಸ್ ಹಂತವನ್ನು ಕಂಪ್ಯೂಟರ್ ವಿಭಾಗದ ಕೆಲಸವೆಂದು ತಳ್ಳಿಹಾಕುವಂತೆಯೂ ಇಲ್ಲ. ಕೋಡ್ ಜೋಡಣೆಯಾಗದ ಪೇಪರನ್ನು ವಿದ್ಯಾರ್ಥಿ ಆಯ್ಕೆ ಮಾಡಲಾರ, ಪರೀಕ್ಷಾ ಅರ್ಜಿ ತುಂಬಲಾರ, ಆ ಸಾಲು ಅಚ್ಚಾಗುವುದಂತೂ ದೂರದ ಮಾತು. ಒಬ್ಬ ಕಾಲ್ಪನಿಕ ವಿದ್ಯಾರ್ಥಿಯ ಆರು ಸೆಮಿಸ್ಟರ್ ಅಂಕಪಟ್ಟಿಯನ್ನು ಪರೀಕ್ಷಾಂಗ ಕುಲಸಚಿವರಿಂದ ಮುದ್ರಿಸಿ ಪ್ರಸ್ತಾವನೆಗೆ ಲಗತ್ತಿಸಿದ ಮೇಲೆಯೇ ಪರಿಷತ್ತಿನ ಮುಂದೆ ತನ್ನಿ. ಆ ಹಾಳೆ ಮುದ್ರಣವಾಗುವಷ್ಟರಲ್ಲಿ ಮೇಲೆ ಹೇಳಿದ ಅರ್ಧ ಸಮಸ್ಯೆಗಳು ತಾವಾಗಿ ಹೊರಬರುತ್ತವೆ.

ಕನಿಷ್ಠ ಸಂಖ್ಯೆಯ ವಿಚಾರದಲ್ಲಿ ಬೆಂಗಳೂರಿನ ಅಳತೆ ಇಲ್ಲಿಗೆ ಆಗದು. ಒಂದೊಂದು ಕಾಲೇಜಿನಲ್ಲೂ ಹದಿನೈದು ಮಂದಿ ಇರಲೇಬೇಕು ಎಂದರೆ ಯಾವ ಮೈನರ್ ಕೂಡ ನಡೆಯುವುದಿಲ್ಲ. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಒಂದು ಗುಂಪು. ಕುಶಾಲನಗರ ಮತ್ತು ಚಿಕ್ಕ ಅಳುವಾರದ ವಿಶ್ವವಿದ್ಯಾಲಯ ಕ್ಯಾಂಪಸ್ ಇನ್ನೊಂದು. ಮಡಿಕೇರಿ ಸುತ್ತಲಿನವು ಮತ್ತೊಂದು. ಸಂಖ್ಯೆಯನ್ನು ಗುಂಪಿಗೆ ಲೆಕ್ಕ ಹಾಕಿ. ಪಾಠದ ಕೆಲವು ಪೇಪರ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ‘ಸ್ವಯಂ’ ವೇದಿಕೆಯಿಂದ ತರಬಹುದು, ಯುಜಿಸಿಯ 2021ರ ನಿಯಮಾವಳಿ ಶೇಕಡಾ 40ರವರೆಗೆ ಅವಕಾಶ ಕೊಡುತ್ತದೆ. ಪ್ರಾಯೋಗಿಕ ಕ್ರೆಡಿಟ್‌ಗಳಿಗೆ ಅದನ್ನು ಬಳಸಬೇಡಿ.

ಕೊನೆಯದಾಗಿ, ವಿಶ್ವವಿದ್ಯಾಲಯದ ಭವಿಷ್ಯದ ಮಾತು. 2023ರಲ್ಲಿ ಶುರುವಾದ ಸಂಸ್ಥೆಯನ್ನು ಉಳಿಸಬೇಕೇ, ವಿಲೀನ ಮಾಡಬೇಕೇ ಎಂಬ ಚರ್ಚೆ 2025ರ ಆರಂಭದಿಂದ ನಡೆದಿದೆ. ಅದು ಏನೇ ಆಗಲಿ, ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗೆ ರಕ್ಷಣೆ ಬೇಕು. ಮೈನರ್ ಮುಚ್ಚಿದರೂ ದಾಖಲಾದವರಿಗೆ ಅದನ್ನು ಮುಗಿಸಲು ಪದವಿಯ ಗರಿಷ್ಠ ಅವಧಿಯವರೆಗೆ ಪರೀಕ್ಷೆ ನಡೆಸುವ ಹೊಣೆ, ಮಾತೃ ಸಂಸ್ಥೆ ಬದಲಾದರೂ, ಮುಂದುವರಿಯತಕ್ಕದ್ದು ಎಂಬ ಕಲಮು ಅನುಮೋದನೆಯ ದಿನವೇ ವಿನಿಯಮದಲ್ಲಿರಲಿ. ಪ್ರತಿ ಸೆಮಿಸ್ಟರ್ ಮುಗಿದ ಕೂಡಲೇ ಕ್ರೆಡಿಟ್‌ಗಳನ್ನು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ರಾಷ್ಟ್ರೀಯ ಡಿಜಿಟಲ್ ಖಾತೆಗೆ ಏರಿಸಿ. ಅಲ್ಲಿ ಅವು ಏಳು ವರ್ಷದವರೆಗೆ ಊರ್ಜಿತ. ಮೂರು ಬ್ಯಾಚ್ ಹೊರಬಂದ ಮೇಲೆ ಪ್ರತಿ ಮೈನರ್‌ನ ಮರುಪರಿಶೀಲನೆ ಕಡ್ಡಾಯವಾಗಲಿ, ಮಾಡದಿದ್ದರೆ ಅದರ ಹೊಸ ದಾಖಲಾತಿ ತಾನಾಗಿ ನಿಲ್ಲಲಿ.

ಈ ವಿನಿಯಮದ ಕರಡನ್ನು ಕನ್ನಡದಲ್ಲಿ ಸಿದ್ಧಪಡಿಸಿ, 30 ದಿನ ಸಾರ್ವಜನಿಕ ಆಕ್ಷೇಪಣೆಗೆ ಇಟ್ಟು, ಮುಂದಿನ ಪರಿಷತ್ ಸಭೆಯ ಕಾರ್ಯಸೂಚಿಯಲ್ಲಿ ಕ್ರಮಸಂಖ್ಯೆ ಸಹಿತ ಸೇರಿಸಬೇಕೆಂದು ಕೋರುತ್ತೇವೆ. ಕಾರ್ಯಭಾರದ ಎರಡು ವರ್ಷದ ಲೆಕ್ಕಪಟ್ಟಿಯ ನಮೂನೆ ಮತ್ತು ಮಾದರಿ ಅಂಕಪಟ್ಟಿ ತಯಾರಿಸಿಕೊಡಲು ನಾವು ಸಿದ್ಧ.

ಇತಿ,
ಕೊಡಗಿನ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ, ಅಧ್ಯಯನ ಮಂಡಳಿ ಮತ್ತು ಪರೀಕ್ಷಾ ಮಂಡಳಿಗಳಲ್ಲಿ ಕೆಲಸ ಮಾಡಿದ ಕೆಲವು ಅಧ್ಯಾಪಕರು